ಎರೆಹೊಲದ ಗೋವಿನಜೋಳ: ಸುಳಿ ಬಿಳಿಚುವುದನ್ನು ನಿಲ್ಲಿಸಿದ್ದು ಹೀಗೆ

ವಿಜಯಪುರದ ಕಡೆಯ ಎರೆಮಣ್ಣು ಜ್ವಾಲಾಮುಖಿಯ ಕಪ್ಪುಶಿಲೆ ಸವೆದು ಆದದ್ದು. ಕಪ್ಪಗಿದೆಯೆಂದು ಸತ್ವವೆಲ್ಲ ಇದೆ ಅಂದುಕೊಳ್ಳಬೇಡಿ. ಬಿತ್ತಿದ ಮೂರನೇ ವಾರಕ್ಕೆ ಎಳೆಯ ಎಲೆಯ ಬುಡದಲ್ಲಿ, ನಡುನರದ ಎರಡೂ ಬದಿಗೆ ಬಿಳಿ ಪಟ್ಟಿ; ನರ ಮತ್ತು ಅಂಚು ಮಾತ್ರ ಹಸಿರು. ಇದು ಸತುವಿನ ಕೊರತೆ. ಯೂರಿಯಾ ಸುರಿದರೆ ಹೋಗುವುದಿಲ್ಲ.

ಕಾರಣ ಮಣ್ಣಿನಲ್ಲಿರುವ ಸುಣ್ಣದ ಹರಳು. ಅದರಿಂದ ಮಣ್ಣಿನ ರಸಸಾರ (ಪಿಎಚ್) ಏರಿ 8 ದಾಟಿದರೆ ಸತು ಕರಗದೆ ಕೂರುತ್ತದೆ, ಬೇರಿಗೆ ಸಿಗುವುದಿಲ್ಲ.

ನಿಂತ ಬೆಳೆಗೆ: 15 ಲೀಟರ್ ಕ್ಯಾನಿಗೆ 75 ಗ್ರಾಂ ಸತುವಿನ ಸಲ್ಫೇಟ್. ಬರೀ ಅದನ್ನೇ ಹೊಡೆದರೆ ಎಲೆ ಸುಡುತ್ತದೆ. ಸುಮಾರು 40 ಗ್ರಾಂ ಅರಳಿದ ಸುಣ್ಣವನ್ನು ಬೇರೆ ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ ಸೇರಿಸಿ. ಸೋಸದಿದ್ದರೆ ನಾಜಲ್ ಕಟ್ಟುತ್ತದೆ. ಸಂಜೆ ಹೊತ್ತು, 10 ದಿನ ಬಿಟ್ಟು ಎರಡು ಸಲ. ಹಳೆಯ ಪಟ್ಟಿ ಮಾಯುವುದಿಲ್ಲ, ಹೊಸ ಸುಳಿ ಹಸಿರಾಗಿ ಬಂತೇ ನೋಡಿ.

ಮುಂದಿನ ಬಿತ್ತನೆಗೆ ಎಕರೆಗೆ 10 ಕೆಜಿ ಸತುವಿನ ಸಲ್ಫೇಟನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಸಾಲಿಗೆ ಕೊಡಿ. ರಂಜಕವಿರುವ ಡಿಎಪಿ ಗೊಬ್ಬರದ ಜೊತೆ ಒಂದೇ ಬುಟ್ಟಿಯಲ್ಲಿ ಕಲಸುವುದೇ ಹೆಚ್ಚಿನವರ ತಪ್ಪು: ರಂಜಕ ಸತುವನ್ನು ಹಿಡಿದು ಎರಡೂ ವ್ಯರ್ಥ. ಪ್ರತಿ ಹಂಗಾಮಿಗೂ ಬೇಡ; ಎರಡು ಮೂರು ಬೆಳೆಗೆ ಒಮ್ಮೆ ಸಾಕು.