ಫ್ರಾಯ್ಡ್‌ನನ್ನು ಓದುವುದು ಹೇಗೆ: ಮನೋವಿಶ್ಲೇಷಣೆಯ ಗ್ರಂಥಗಳಿಗೆ ಒಂದು ಪ್ರವೇಶ

ಮನಃಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡ ವಿದ್ಯಾರ್ಥಿಗೆ ಮೊದಲ ವರ್ಷದಲ್ಲಿಯೇ, ಮನೋವಿಶ್ಲೇಷಣೆಯ ಸ್ಥಾಪಕ ಸಿಗ್ಮಂಡ್ ಫ್ರಾಯ್ಡ್ ಮನಸ್ಸಿನಲ್ಲಿ ಗುರುತಿಸಿದ ಇಡ್ (ಸಹಜ ಪ್ರವೃತ್ತಿಗಳು), ಈಗೋ (ವಾಸ್ತವವನ್ನು ನಿಭಾಯಿಸುವ ಭಾಗ), ಸೂಪರ್ ಈಗೋ (ಒಳಗಿನ ನೈತಿಕ ನಿಯಂತ್ರಣ) ಎಂಬ ಮೂರು ಹೆಸರುಗಳ ಪರಿಚಯವಾಗುತ್ತದೆ. ಜೊತೆಗೆ, ಮನಸ್ಸಿನ ಹೆಚ್ಚು ಭಾಗ ಅರಿವಿಗೆ ಬಾರದೆ ಅಡಗಿದೆಯೆಂದು ತೋರಿಸಲು, ನೀರಿನಲ್ಲಿ ಬಹುಪಾಲು ಮುಳುಗಿದ ಹಿಮಬಂಡೆಯ ಚಿತ್ರವೊಂದು ಸಿಗುತ್ತದೆ. ಪರೀಕ್ಷೆಗೆ ಅಷ್ಟು ಸಾಕಾಗುವುದರಿಂದ ಹೆಚ್ಚಿನವರು ಅಲ್ಲಿಯೇ ನಿಂತುಬಿಡುತ್ತಾರೆ. ನಾನೂ ಎಂ.ಎ. ಮುಗಿಸುವವರೆಗೆ ಫ್ರಾಯ್ಡ್ ಬರೆದ ಒಂದು ಪುಟವನ್ನೂ ಓದಿರಲಿಲ್ಲ. ಓದಿದ್ದೆಲ್ಲ ಗೈಡು ಮತ್ತು ನೋಟ್ಸು. ಮುಂದೆ ಮೂಲ ಬರಹವನ್ನು ಕೈಗೆತ್ತಿಕೊಂಡಾಗ, 1923ರಲ್ಲಿ ಆತ ತಾನೇ ಬಿಡಿಸಿದ ಮನಸ್ಸಿನ ನಕ್ಷೆಯು ಮೊಟ್ಟೆಯಂತೆ ದುಂಡಗಿದೆಯೆಂದೂ ಅದರಲ್ಲಿ ಹಿಮಬಂಡೆಯ ಸುಳಿವೇ ಇಲ್ಲವೆಂದೂ ತಿಳಿಯಿತು. ಸಾರಾಂಶಗಳನ್ನು ನಂಬಿ ಕಳೆದ ವರ್ಷಗಳ ಬಗ್ಗೆ ಆಗ ಆದ ಬೇಸರವೇ ಈ ಲೇಖನಕ್ಕೆ ಕಾರಣ. ವಿದ್ಯಾರ್ಥಿಗಳು, ಆಪ್ತಸಮಾಲೋಚಕರು, ಮನೋವೈದ್ಯಶಾಸ್ತ್ರದ ತರಬೇತಿಯಲ್ಲಿರುವ ವೈದ್ಯರು ಈ ಗ್ರಂಥಗಳನ್ನು ಯಾವ ಕ್ರಮದಲ್ಲಿ, ಯಾವ ಸಿದ್ಧತೆಯೊಂದಿಗೆ ಓದಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಉಪನ್ಯಾಸಗಳು

ಜೇಮ್ಸ್ ಸ್ಟ್ರೇಚಿ ನೇತೃತ್ವದಲ್ಲಿ ಇಂಗ್ಲಿಷಿಗೆ ಬಂದ ಫ್ರಾಯ್ಡ್‌ನ ಸಮಗ್ರ ಮನೋವಿಶ್ಲೇಷಣಾ ಬರಹಗಳು 1953ರಿಂದ 1974ರವರೆಗೆ 24 ಸಂಪುಟಗಳಲ್ಲಿ ಪ್ರಕಟವಾದವು. ಗ್ರಂಥಾಲಯದ ಕಪಾಟಿನಲ್ಲಿ ಅವುಗಳ ಸಾಲನ್ನು ಕಂಡವರು ಸಹಜವಾಗಿ ಮೊದಲ ಸಂಪುಟಕ್ಕೆ ಕೈಹಾಕುತ್ತಾರೆ, ಇಲ್ಲವೇ ಅತ್ಯಂತ ಪ್ರಸಿದ್ಧವಾದ ‘ಕನಸುಗಳ ಅರ್ಥ ವಿವರಣೆ’ಯನ್ನು ಎತ್ತಿಕೊಳ್ಳುತ್ತಾರೆ. ಇವೆರಡೂ ಆರಂಭಕ್ಕೆ ಕಷ್ಟದ ದಾರಿಗಳು. ಕನಸಿನ ಗ್ರಂಥದ ಮೊದಲ ಅಧ್ಯಾಯವು ಅದುವರೆಗೆ ಕನಸಿನ ಬಗ್ಗೆ ಇತರರು ಬರೆದದ್ದರ ದೀರ್ಘ ಸಮೀಕ್ಷೆಯಾಗಿದ್ದು, ಉತ್ಸಾಹದಿಂದ ಹೊರಟ ಓದುಗನನ್ನು ದಣಿಸಿ ಕೂರಿಸುತ್ತದೆ.

ಅದರ ಬದಲು 1915ರಿಂದ 1917ರ ನಡುವೆ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಎರಡು ಚಳಿಗಾಲದ ಅವಧಿಗಳಲ್ಲಿ ಫ್ರಾಯ್ಡ್ ನೀಡಿದ 28 ಪರಿಚಯಾತ್ಮಕ ಉಪನ್ಯಾಸಗಳಿಂದ ಆರಂಭಿಸಬೇಕು. ಎದುರಿಗೆ ಕುಳಿತವರಲ್ಲಿ ವೈದ್ಯರೂ ಇದ್ದರು, ಸಾಮಾನ್ಯರೂ ಇದ್ದರು. ಆದ್ದರಿಂದ ಕೇಳುಗನ ಮನಸ್ಸಿನಲ್ಲಿ ಏಳಬಹುದಾದ ಆಕ್ಷೇಪವನ್ನು ತಾನೇ ಮುಂದಾಗಿ ಎತ್ತಿ, ಅದಕ್ಕೆ ಉತ್ತರಿಸುತ್ತ ಮಾತು ಬೆಳೆಸುವ ಕ್ರಮ ಅಲ್ಲಿದೆ. ಮೊದಲ ನಾಲ್ಕು ಉಪನ್ಯಾಸಗಳಲ್ಲಿ ಬಾಯಿತಪ್ಪು, ಕೈತಪ್ಪು, ಮರೆವುಗಳ ವಿಚಾರವಿದೆ. ಐದರಿಂದ ಹದಿನೈದರವರೆಗೆ ಕನಸು. ಹದಿನಾರರಿಂದ ಕೊನೆಯವರೆಗೆ ನರವ್ಯಾಧಿಗಳ, ಅಂದರೆ ಮನಸ್ಸಿನ ಒಳಸಂಘರ್ಷದಿಂದ ಹುಟ್ಟುವ ‘ನ್ಯೂರೋಸಿಸ್’ಗಳ ಸಿದ್ಧಾಂತ. ಶಾಸನಸಭೆಯ ಅಧ್ಯಕ್ಷನೊಬ್ಬ ಅಧಿವೇಶನವನ್ನು ಆರಂಭಿಸಬೇಕಾದಲ್ಲಿ ‘ಅಧಿವೇಶನ ಮುಕ್ತಾಯವಾಗಿದೆ’ ಎಂದು ಘೋಷಿಸಿದ ಪ್ರಸಂಗ ಈ ಆರಂಭದ ಉಪನ್ಯಾಸಗಳಲ್ಲಿಯೇ ಬರುತ್ತದೆ. ವಾರಕ್ಕೊಂದರಂತೆ ಓದಿದರೆ ಏಳು ತಿಂಗಳೊಳಗೆ ಎಲ್ಲವೂ ಮುಗಿಯುತ್ತವೆ. ಅದಕ್ಕಿಂತ ವೇಗವಾಗಿ ಓದಬೇಡಿ ಎಂಬುದು ನನ್ನ ಸಲಹೆ. ಮೊದಲ ನಾಲ್ಕನ್ನು ಓದುವ ತಿಂಗಳಲ್ಲಿ ನಿಮ್ಮ ಮಾತಿನಲ್ಲಿ ಆದ ತಪ್ಪುಗಳನ್ನೂ, ಥಟ್ಟನೆ ಮರೆತ ಹೆಸರುಗಳನ್ನೂ, ಆ ಹೊತ್ತಿನಲ್ಲಿ ಮನಸ್ಸಿನಲ್ಲಿದ್ದ ಸಂಗತಿಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ವ್ಯಾಖ್ಯಾನ ಆಗ ಬೇಡ, ದಾಖಲೆಯಷ್ಟೇ ಸಾಕು.

ಇದಾದ ಮೇಲೆ ಕನಸಿನ ಗ್ರಂಥಕ್ಕೆ ಹೋಗಬಹುದು. ಮುಖಪುಟದಲ್ಲಿ 1900 ಎಂದು ಅಚ್ಚಾಗಿದ್ದರೂ ಅದು ಹೊರಬಂದದ್ದು 1899ರ ನವೆಂಬರಿನಲ್ಲಿ. ಅಚ್ಚಾದ 600 ಪ್ರತಿಗಳು ಮಾರಾಟವಾಗಲು ಎಂಟು ವರ್ಷ ಬೇಕಾಯಿತು. ಎರಡನೆಯ ಅಧ್ಯಾಯದಿಂದ ಓದಲು ತೊಡಗಿ. 1895ರ ಜುಲೈನಲ್ಲಿ ತನಗೆ ಬಿದ್ದ ಕನಸೊಂದನ್ನು ಫ್ರಾಯ್ಡ್ ಅಲ್ಲಿ ತುಣುಕು ತುಣುಕಾಗಿ ಬಿಡಿಸಿ, ರೋಗಿಯೊಬ್ಬಳ ಚಿಕಿತ್ಸೆ ಪೂರ್ಣ ಫಲಿಸದ ಹೊಣೆಯಿಂದ ತಪ್ಪಿಸಿಕೊಳ್ಳುವ ತನ್ನದೇ ಆಸೆ ಅದರಲ್ಲಿ ಅಡಗಿತ್ತೆಂದು ಒಪ್ಪಿಕೊಳ್ಳುತ್ತಾನೆ. ಅನಂತರ ಮೂರು ಮತ್ತು ನಾಲ್ಕನೆಯ ಅಧ್ಯಾಯ, ಆಮೇಲೆ ಆರನೆಯದು, ಎಲ್ಲಕ್ಕೂ ಕೊನೆಗೆ ಏಳನೆಯದು. ಮೊದಲನೆಯದನ್ನು ಎಂದಾದರೂ ಬಿಡುವಿದ್ದಾಗ ಓದಿದರೆ ಸಾಕು.

ಯಾವ ಪ್ರತಿಯನ್ನು ಓದುತ್ತಿದ್ದೇವೆ ಎಂಬುದನ್ನು ಇಲ್ಲಿ ಗಮನಿಸಲೇಬೇಕು. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವುದು ಸಾಮಾನ್ಯವಾಗಿ ಎ. ಎ. ಬ್ರಿಲ್ 1913ರಲ್ಲಿ ಪ್ರಕಟಿಸಿದ ಅನುವಾದ. ಅದು ಜರ್ಮನ್ ಮೂರನೆಯ ಆವೃತ್ತಿಯನ್ನು ಆಧರಿಸಿದೆ. ಫ್ರಾಯ್ಡ್ 1930ರ ಎಂಟನೆಯ ಆವೃತ್ತಿಯವರೆಗೂ ಆ ಗ್ರಂಥಕ್ಕೆ ಸೇರಿಸುತ್ತಲೇ ಹೋದ. ಸಂಕೇತಗಳ ಭಾಗ ಹಿಗ್ಗಿದ್ದಂತೂ ನಂತರದ ಆವೃತ್ತಿಗಳಲ್ಲಿಯೇ. ಸ್ಟ್ರೇಚಿಯ ಅನುವಾದದಲ್ಲಿ ಯಾವ ಮಾತು ಯಾವ ವರ್ಷ ಸೇರಿತೆಂಬುದನ್ನು ಅಲ್ಲಲ್ಲಿಯೇ ನಮೂದಿಸಲಾಗಿದೆ. ಆ ಇಸವಿಗಳನ್ನು ಹಾರಿಸಿ ಓದಿದರೆ ಮೂವತ್ತು ವರ್ಷ ಬದಲಾಗುತ್ತ ಬಂದ ಒಂದು ವಿಚಾರವು ಒಂದೇ ದಿನ ಒಂದೇ ಬಾಯಿಂದ ಹೊರಟ ತೀರ್ಪಿನಂತೆ ಕಾಣುತ್ತದೆ.

ಪದಗಳ ತೊಡಕು

ಕನ್ನಡದಲ್ಲಿ ಯೋಚಿಸುವ ಓದುಗನಿಗೆ ಅತಿ ಹೆಚ್ಚು ತೊಂದರೆ ಕೊಡುವ ಪದ ‘ಈಗೋ’. ‘ಅವನಿಗೆ ಬಹಳ ಈಗೋ’ ಎಂದು ನಾವು ದಿನನಿತ್ಯ ಹೇಳುವಾಗ ಅದರ ಅರ್ಥ ಜಂಬ ಅಥವಾ ಸ್ವಪ್ರತಿಷ್ಠೆ. ಫ್ರಾಯ್ಡ್ ಬಳಸಿದ್ದು ‘ದಸ್ ಇಶ್’ ಎಂಬ ಜರ್ಮನ್ ಮಾತು. ಅದರ ನೇರ ಅರ್ಥ ‘ನಾನು’. ಇಡ್ ಎಂದು ನಾವು ಕಲಿತದ್ದು ಅವನಲ್ಲಿ ‘ದಸ್ ಎಸ್’, ಅಂದರೆ ‘ಅದು’. ಇಂಗ್ಲಿಷ್ ಅನುವಾದಕರು ಈ ಮನೆಮಾತುಗಳಿಗೆ ಲ್ಯಾಟಿನ್ ರೂಪ ಕೊಟ್ಟು ವೈದ್ಯಕೀಯ ಗಾಂಭೀರ್ಯ ತಂದರು. ಮನೋವಿಜ್ಞಾನಿ ಬ್ರೂನೋ ಬೆಟಲ್‌ಹೈಮ್ 1980ರ ದಶಕದ ಆರಂಭದಲ್ಲಿ ಇದನ್ನು ಕಟುವಾಗಿಯೇ ಆಕ್ಷೇಪಿಸಿದ್ದುಂಟು.

1933ರ ಒಂದು ಉಪನ್ಯಾಸದ ಕೊನೆಗೆ ಬರುವ ಪ್ರಸಿದ್ಧ ವಾಕ್ಯವನ್ನೇ ನೋಡಿ. ‘ಇಡ್ ಇದ್ದಲ್ಲಿ ಈಗೋ ಇರಬೇಕು’ ಎಂದು ಓದಿದರೆ ಅಹಂಕಾರ ಬೆಳೆಸಿಕೊಳ್ಳಿ ಎಂದು ಉಪದೇಶಿಸಿದಂತೆ ಕೇಳಿಸುತ್ತದೆ. ‘ಅದು ಇದ್ದಲ್ಲಿ ನಾನು ಆಗಬೇಕು’ ಎಂದು ಕನ್ನಡಕ್ಕೆ ತಂದುಕೊಂಡರೆ ಅದರ ಅರ್ಥ ತೆರೆದುಕೊಳ್ಳುತ್ತದೆ. ನಮ್ಮ ಭಾಷೆಯ ವ್ಯಾಕರಣವೇ ಇಲ್ಲಿ ನೆರವಿಗೆ ಬರುತ್ತದೆ: ಕನಸನ್ನು ನಾವು ಕಾಣುವುದಷ್ಟೇ ಅಲ್ಲ, ನಮಗೆ ಕನಸು ‘ಬೀಳುತ್ತದೆ’, ಸಿಟ್ಟು ‘ಬರುತ್ತದೆ’, ಹೆಸರು ‘ಮರೆತುಹೋಗುತ್ತದೆ’. ಇವುಗಳಲ್ಲಿ ಕರ್ತೃ ನಾನಲ್ಲ. ನನ್ನೊಳಗೆ ಏನೋ ನಡೆಯುತ್ತದೆ, ಅದು ನನಗೆ ಆಗುತ್ತದೆ. ‘ನನಗೆ ಸಿಟ್ಟು ಬಂತು’ ಎನ್ನುವವನು ಮೆಲ್ಲಗೆ ‘ನಾನು ಸಿಟ್ಟಾದೆ’ ಎಂದು ಹೇಳಬಲ್ಲವನಾಗುವುದು ಫ್ರಾಯ್ಡ್‌ನ ಆ ವಾಕ್ಯಕ್ಕೆ ಬಹಳ ಹತ್ತಿರದ ಸಂಗತಿಯೆಂದು ನನಗೆ ತೋರುತ್ತದೆ. ಆದರೆ ‘ನಾನು ಹೋದರೆ ಹೋದೇನು’ ಎಂಬ ಕನಕದಾಸರ ಮಾತಿನಲ್ಲಿ ಹೋಗಬೇಕಾಗಿರುವ ‘ನಾನು’ ಇದಲ್ಲ. ಎರಡನ್ನೂ ಬೆರೆಸಿ ಬರೆದ ಪ್ರಬಂಧಗಳನ್ನು ನಾನು ಓದಿದ್ದೇನೆ. ಅವು ಎರಡಕ್ಕೂ ನ್ಯಾಯ ಸಲ್ಲಿಸುವುದಿಲ್ಲ.

ಆದ್ದರಿಂದ ಓದಿನ ಜೊತೆಗೆ ನಿಮ್ಮದೇ ಒಂದು ಪದಕೋಶ ಬೆಳೆಯಬೇಕು. ದಮನ (ಸಹಿಸಲಾಗದ್ದನ್ನು ಅರಿವಿನಿಂದ ಹೊರಗಿಡುವುದು), ಪ್ರತಿರೋಧ (ಅದು ಅರಿವಿಗೆ ಬಾರದಂತೆ ಚಿಕಿತ್ಸೆಯಲ್ಲಿ ರೋಗಿ ಒಡ್ಡುವ ತಡೆ), ಭಾವವರ್ಗಾವಣೆ (ಹಿಂದಿನ ಸಂಬಂಧಗಳ ಭಾವನೆಗಳನ್ನು ಚಿಕಿತ್ಸಕನತ್ತ ತಿರುಗಿಸುವುದು) ಮುಂತಾದ ಪ್ರತಿಯೊಂದು ಪದದ ಎದುರಿಗೆ ಅದು ಬಂದ ಬರಹ, ಅದರ ಇಸವಿ, ಒಂದು ಉದಾಹರಣೆ ಮತ್ತು ನೀವು ಆರಿಸಿಕೊಂಡ ಕನ್ನಡ ಪದವನ್ನು ಬರೆದುಕೊಳ್ಳಿ. ಲಪ್ಲಾಂಶ್ ಮತ್ತು ಪೋಂತಾಲಿಸ್ 1967ರಲ್ಲಿ ಫ್ರೆಂಚಿನಲ್ಲಿ ರಚಿಸಿದ ಪಾರಿಭಾಷಿಕ ಕೋಶದ ಇಂಗ್ಲಿಷ್ ಅನುವಾದ ಈ ಕೆಲಸಕ್ಕೆ ಅತ್ಯುತ್ತಮ ಸಂಗಾತಿ. ಸ್ಟ್ರೇಚಿಯ ಅನುವಾದವನ್ನು ಮಾರ್ಕ್ ಸೋಮ್ಸ್ ಪರಿಷ್ಕರಿಸಿದ 24 ಸಂಪುಟಗಳ ಹೊಸ ಆವೃತ್ತಿ 2024ರಲ್ಲಿ ಬಂದಿದೆ. ಗ್ರಂಥಾಲಯಗಳು ಅದನ್ನು ತರಿಸಬೇಕು, ವಿದ್ಯಾರ್ಥಿಗಳು ಸ್ವಂತಕ್ಕೆ ಕೊಳ್ಳುವ ಅಗತ್ಯವಿಲ್ಲ.

ರೋಗಿಯ ಕಥನವನ್ನು ಕಾಲಂ ಎಳೆದು ಓದಿ

ಮೂರನೆಯ ಹೆಜ್ಜೆ ರೋಗಕಥನಗಳದ್ದು. ವೃತ್ತಿಪರರಿಗೆ ಇದೇ ಮುಖ್ಯ. ಇವು ಕಥೆಯಂತೆ ಓದಿಸಿಕೊಳ್ಳುತ್ತವೆ, ಅಪಾಯವಿರುವುದೂ ಅಲ್ಲಿಯೇ. ಹದಿನೆಂಟರ ಹರೆಯದ ‘ಡೋರಾ’ಳ ಕಥನವನ್ನು ಮೊದಲು ಓದಬಹುದು. ಆಕೆ ಸುಮಾರು ಮೂರು ತಿಂಗಳು ಬಂದು 1900ರ ಕೊನೆಯ ದಿನ ಚಿಕಿತ್ಸೆಯನ್ನು ಬಿಟ್ಟು ಹೋದಳು. ಅವಳ ಭಾವವರ್ಗಾವಣೆಯನ್ನು ಸಕಾಲದಲ್ಲಿ ಗುರುತಿಸಿ ನಿಭಾಯಿಸಲಿಲ್ಲವೆಂದು 1905ರ ಪ್ರಕಟಣೆಯಲ್ಲಿ ಫ್ರಾಯ್ಡ್‌ನೇ ಬರೆದ. ಸೋಲನ್ನು ದಾಖಲಿಸಿದ ಕಥನದಿಂದ ಕಲಿಯುವುದು ಹೆಚ್ಚು.

ಅದರ ನಂತರ ‘ಪುಟ್ಟ ಹಾನ್ಸ್’. 1909ರಲ್ಲಿ ಪ್ರಕಟವಾದ ಈ ಕಥನದಲ್ಲಿ ಕುದುರೆಗಳಿಗೆ ಹೆದರುತ್ತಿದ್ದ, ಐದು ವರ್ಷ ತುಂಬುವ ಹಂತದಲ್ಲಿದ್ದ ಹುಡುಗನಿದ್ದಾನೆ. ಚಿಕಿತ್ಸೆ ನಡೆಸಿದವನು ಹುಡುಗನ ತಂದೆ. ಆ ಅವಧಿಯಲ್ಲಿ ಫ್ರಾಯ್ಡ್ ಮಗುವಿನೊಂದಿಗೆ ಕುಳಿತು ಮಾತನಾಡಿದ್ದು ಒಂದೇ ಬಾರಿ. ಇದನ್ನು ಓದುವಾಗ ಅಗಲವಾದ ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಮಗು ತಾನಾಗಿ ಹೇಳಿದ್ದು, ಎರಡನೆಯದರಲ್ಲಿ ತಂದೆ ಕೇಳಿದ್ದು ಅಥವಾ ಸೂಚಿಸಿದ್ದು, ಮೂರನೆಯದರಲ್ಲಿ ಫ್ರಾಯ್ಡ್ ಕಟ್ಟಿದ ಅರ್ಥ. ಕುದುರೆ ಕಚ್ಚುತ್ತದೆ, ಕುದುರೆ ಬೀಳುತ್ತದೆ, ಅದರ ಬಾಯಿಯ ಸುತ್ತ ಕಪ್ಪಾಗಿದೆ ಎಂಬ ಮಾತುಗಳು ಮೊದಲ ಕಾಲಮ್ಮಿಗೆ ಸೇರುತ್ತವೆ. ಆ ಕಪ್ಪು ತಂದೆಯ ಮೀಸೆ, ಕುದುರೆಯ ಕಣ್ಣಪಟ್ಟಿ ತಂದೆಯ ಕನ್ನಡಕ ಎಂಬುದು ಮೂರನೆಯದಕ್ಕೆ. ಬಂಡಿಯ ಕುದುರೆಯೊಂದು ಬಿದ್ದುದನ್ನು ಹುಡುಗ ಕಣ್ಣಾರೆ ಕಂಡಿದ್ದನೆಂಬ ಸಂಗತಿಯೂ ಮೊದಲ ಕಾಲಮ್ಮಿನಲ್ಲಿಯೇ ಇರಲಿ. ಹಾಳೆಯ ಬಲಬದಿಯಲ್ಲಿ ಎರಡು ಕಾಲಮ್ಮಿನಷ್ಟು ಜಾಗ ಖಾಲಿ ಬಿಡಿ. ಅದರ ಉಪಯೋಗ ಆಮೇಲೆ ತಿಳಿಯುತ್ತದೆ.

ಕಥನದಲ್ಲಿ ಬರೆದ ಫಲಿತಾಂಶವನ್ನು ಹೊರಗಿನ ದಾಖಲೆಯೊಂದಿಗೆ ಹೋಲಿಸುವುದನ್ನೂ ಕಲಿಯಬೇಕು. 1895ರಲ್ಲಿ ಹಿರಿಯ ವೈದ್ಯ ಯೋಸೆಫ್ ಬ್ರಾಯರ್ ಮತ್ತು ಫ್ರಾಯ್ಡ್ ಪ್ರಕಟಿಸಿದ ಹಿಸ್ಟೀರಿಯಾ ಅಧ್ಯಯನದ ‘ಅನ್ನಾ ಓ.’ ಗುಣಮುಖಳಾದಳೆಂಬ ಭಾವನೆ ಓದುಗನಿಗೆ ಮೂಡುತ್ತದೆ. ಆದರೆ ಬ್ರಾಯರ್‌ನ ಚಿಕಿತ್ಸೆ ಮುಗಿದ 1882ರಲ್ಲಿಯೇ ಆಕೆ ಸ್ವಿಟ್ಜರ್‌ಲೆಂಡಿನ ಕ್ರಾಯ್ಟ್ಸ್‌ಲಿಂಗೆನ್‌ನ ಆರೋಗ್ಯಧಾಮಕ್ಕೆ ದಾಖಲಾಗಿದ್ದುದನ್ನು ಇತಿಹಾಸಕಾರ ಹೆನ್ರಿ ಎಲೆನ್‌ಬರ್ಗರ್ 1972ರಲ್ಲಿ ತೋರಿಸಿಕೊಟ್ಟ. ಬರ್ಥಾ ಪಾಪೆನ್‌ಹೈಮ್ ಎಂಬ ಆ ಮಹಿಳೆ ಮುಂದೆ ಜರ್ಮನಿಯ ಯಹೂದಿ ಮಹಿಳೆಯರ ಒಕ್ಕೂಟವನ್ನು ಕಟ್ಟಿದರು. ಅವರ ಜೀವನ ಆ ರೋಗಕಥನಕ್ಕಿಂತ ಎಷ್ಟೋ ದೊಡ್ಡದು.

ಮುಂದಿನ ತಲೆಮಾರು, ನಮ್ಮ ನೆಲ

ಫ್ರಾಯ್ಡ್‌ನ ನಂತರದವರನ್ನು ನಿಮ್ಮ ಕೆಲಸಕ್ಕೆ ತಕ್ಕಂತೆ ಆರಿಸಿಕೊಳ್ಳಿ. ಶಾಲೆಯಲ್ಲಿ ಸಮಾಲೋಚನೆ ಮಾಡುವವರು 1936ರಲ್ಲಿ ಫ್ರಾಯ್ಡ್ ಮಗಳು ಅನ್ನಾ ಫ್ರಾಯ್ಡ್ ಬರೆದ, ಮನಸ್ಸು ತನ್ನನ್ನು ಕಾಪಾಡಿಕೊಳ್ಳುವ ರಕ್ಷಣಾ ತಂತ್ರಗಳ ಪುಸ್ತಕವನ್ನೂ, ಆಟದ ಕುರಿತು ಮಕ್ಕಳ ವೈದ್ಯನೂ ವಿಶ್ಲೇಷಕನೂ ಆಗಿದ್ದ ವಿನಿಕಾಟ್ ಬರೆದ 1971ರ ಪುಸ್ತಕವನ್ನೂ ಮೊದಲು ಓದಲಿ. ವಯಸ್ಕ ರೋಗಿಗಳನ್ನು ನೋಡುವವರಿಗೆ ನ್ಯಾನ್ಸಿ ಮ್ಯಾಕ್‌ವಿಲಿಯಮ್ಸ್ ರಚಿಸಿದ ಮನೋವಿಶ್ಲೇಷಣಾತ್ಮಕ ರೋಗನಿದಾನದ ಗ್ರಂಥ ಉಪಯುಕ್ತ. 2011ರ ಎರಡನೆಯ ಆವೃತ್ತಿಯನ್ನೇ ತೆಗೆದುಕೊಳ್ಳಿ. ಮಕ್ಕಳ ವಿಶ್ಲೇಷಣೆಗೆ ಹೆಸರಾದ ಮೆಲನಿ ಕ್ಲೈನ್ ಬರಹಗಳು ಕಠಿಣವಾಗಿವೆ, ಅವುಗಳನ್ನು ಒಬ್ಬರೇ ಓದುವುದು ಬೇಡ.

ಭಾರತದ ಅಧ್ಯಾಯವನ್ನು ನಮ್ಮ ಪಠ್ಯಗಳು ಬೇಗ ದಾಟಿಬಿಡುತ್ತವೆ, ಅದು ನನಗೆ ನೋವಿನ ವಿಷಯ. ಕಲ್ಕತ್ತದ ವೈದ್ಯ ಗಿರೀಂದ್ರಶೇಖರ ಬೋಸ್ ದಮನದ ಪರಿಕಲ್ಪನೆಯ ಮೇಲೆ ಬರೆದ ಇಂಗ್ಲಿಷ್ ಪುಸ್ತಕ 1921ರಲ್ಲಿ ಬಂತು. ಮರುವರ್ಷ ಅವರು ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದರು. ಪರಸ್ಪರ ವಿರುದ್ಧವಾದ ಇಚ್ಛೆಗಳು ಜೋಡಿಯಾಗಿಯೇ ಇರುತ್ತವೆ ಎಂಬ ತಮ್ಮದೇ ಸಿದ್ಧಾಂತವನ್ನು ಅವರು ಪತ್ರಗಳಲ್ಲಿ ಫ್ರಾಯ್ಡ್‌ನ ಮುಂದಿಟ್ಟು, ಅಳುಕದೆ ವಾದಿಸಿದರು. ಫ್ರಾಯ್ಡ್‌ನ 75ನೆಯ ಹುಟ್ಟುಹಬ್ಬಕ್ಕೆ, 1931ರಲ್ಲಿ, ಕಲ್ಕತ್ತದಿಂದ ಹೋದ ದಂತದ ವಿಷ್ಣುಮೂರ್ತಿ ಅವನ ಮೇಜಿನ ಮೇಲೆ ಜಾಗ ಪಡೆಯಿತು. ಬೋಸರ ಪುಸ್ತಕದ ಜೊತೆಗೆ, ಭಾರತೀಯ ಬಾಲ್ಯ ಮತ್ತು ಕುಟುಂಬವನ್ನು ಕುರಿತು ಸುಧೀರ್ ಕಕ್ಕರ್ 1978ರಲ್ಲಿ ಬರೆದ ಗ್ರಂಥವನ್ನು ಓದಬೇಕು. ಕನ್ನಡದಲ್ಲಿ, ‘ಕೊರವಂಜಿ’ಯ ಸಂಪಾದಕರಾಗಿ ರಾಶಿ ಎಂಬ ಹೆಸರಿನಿಂದ ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರು ಮನಸ್ಸಿನ ಕಾಯಿಲೆಗಳ ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ಪದಕೋಶ ಕಟ್ಟುವವರು ಅಂತಹ ಪುಸ್ತಕಗಳನ್ನು ಪೆನ್ಸಿಲ್ ಹಿಡಿದು ಓದಿದರೆ, ಕಠಿಣ ವಿಷಯಕ್ಕೆ ಸಲೀಸಾದ ಕನ್ನಡ ಮಾತು ಹೇಗೆ ಒದಗುತ್ತದೆ ಎಂಬುದು ತಿಳಿಯುತ್ತದೆ.

ಓದಿದ್ದನ್ನು ಮನೆಯವರ ಮೇಲೆ, ಗೆಳೆಯರ ಮೇಲೆ ಪ್ರಯೋಗಿಸಬೇಡಿ. ಮನೋವಿಶ್ಲೇಷಕರಾಗಲು ಸ್ವತಃ ವಿಶ್ಲೇಷಣೆಗೆ ಒಳಗಾಗುವುದೂ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವುದೂ ಕಡ್ಡಾಯ. ಪುಸ್ತಕ ಆ ಜಾಗವನ್ನು ತುಂಬಲಾರದು. ಓದುತ್ತಿರುವಾಗ ಸ್ವಂತದ ಹಳೆಯ ನೋವು ಕೆದಕಿ ನಿದ್ದೆಗೆಡುವಂತಾದರೆ ಓದನ್ನು ನಿಲ್ಲಿಸಿ, ಬಲ್ಲವರೊಡನೆ ಮಾತನಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ನಾಲ್ಕೈದು ಜನ ಸೇರಿ ಹದಿನೈದು ದಿನಕ್ಕೊಮ್ಮೆ ಗಟ್ಟಿಯಾಗಿ ಓದಿ ಚರ್ಚಿಸುವುದು ಒಳ್ಳೆಯದು; ವೃತ್ತಿಪರರು ಅಲ್ಲಿ ತಮ್ಮ ರೋಗಿಗಳ ಗುರುತು ಸಿಗುವಂತಹ ಒಂದು ವಿವರವನ್ನೂ ತರಬಾರದು.

ಮತ್ತೆ ಅದೇ ಹಾಳೆ

ಟೀಕಾಕಾರರನ್ನು ಕೊನೆಗೆ ಓದಿ, ಆದರೆ ಓದದೇ ಬಿಡಬೇಡಿ. ಈಗ ಪುಟ್ಟ ಹಾನ್ಸ್‌ನ ಹಾಳೆಯನ್ನು ಹೊರತೆಗೆಯಿರಿ. 1960ರಲ್ಲಿ ವರ್ತನಾ ಚಿಕಿತ್ಸೆಯ ಪಂಥದ ಜೋಸೆಫ್ ವೋಲ್ಪೆ ಮತ್ತು ಸ್ಟಾನ್ಲಿ ರಾಕ್‌ಮನ್ ಇದೇ ಕಥನವನ್ನು ಪರಿಶೀಲಿಸಿ, ಕುದುರೆ ಬಿದ್ದುದನ್ನು ಕಂಡಂತಹ ಅನುಭವಗಳಿಂದಲೇ ಆ ಭಯ ಕಲಿಕೆಯಾಗಿ ಅಂಟಿಕೊಂಡಿರಬಹುದೆಂದೂ, ಈಡಿಪಸ್ ಸಂಕೀರ್ಣಕ್ಕೆ (ತಾಯಿಯನ್ನು ಬಯಸಿ ತಂದೆಯನ್ನು ಪ್ರತಿಸ್ಪರ್ಧಿಯೆಂದು ಹುಡುಗ ಭಾವಿಸುತ್ತಾನೆಂಬ ಫ್ರಾಯ್ಡ್ ಕಲ್ಪನೆಗೆ) ಇದರಲ್ಲಿ ಪುರಾವೆಯಿಲ್ಲವೆಂದೂ ವಾದಿಸಿದರು. ಅದನ್ನು ನಾಲ್ಕನೆಯ ಕಾಲಮ್ಮಿನಲ್ಲಿ ಬರೆಯಿರಿ. ಮನೋವೈದ್ಯ ಜಾನ್ ಬೌಲ್ಬಿ 1973ರಲ್ಲಿ, ಅಗಲಿಕೆಯ ಕುರಿತಾದ ತನ್ನ ಸಂಪುಟದಲ್ಲಿ, ತಾಯಿ ಬಿಟ್ಟುಹೋಗುತ್ತೇನೆಂದು ಹೆದರಿಸಿದ್ದ ಮಾತಿನತ್ತ ಬೆರಳು ತೋರಿಸಿ, ಹುಡುಗನ ಅಂಜಿಕೆಯ ಬೇರು ಅಲ್ಲಿದೆ ಎಂದ. ಅದು ಐದನೆಯದಕ್ಕೆ ಸೇರಲಿ. ಅನಂತರ ಮೊದಲ ಕಾಲಮ್ಮಿಗೆ ಹಿಂದಿರುಗಿ, ತಾಯಿಯ ಆ ಬೆದರಿಕೆಯ ಬಗ್ಗೆ ಮಗು ಹೇಳಿದ ಮಾತನ್ನು ನೀವು ಅಲ್ಲಿ ಬರೆದುಕೊಂಡಿದ್ದೀರೋ ಅಥವಾ ಓದುವಾಗ ದಾಟಿಹೋಗಿದ್ದೀರೋ ನೋಡಿ. ನನ್ನ ಮೊದಲ ಹಾಳೆಯಲ್ಲಿ ಅದು ಇರಲಿಲ್ಲ.