‘ಅಂಥದ್ದೇನೂ ಮಾಡಿಲ್ಲ ಅಕ್ಕಾ’ ಎನ್ನುವವರ ರೆಸ್ಯೂಮೆ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಪಹಣಿಯ ಪ್ರತಿ, ಗೃಹಪ್ರವೇಶದ ಆಮಂತ್ರಣಗಳ ನಡುವೆ ದಿನಕ್ಕೆ ಒಂದೆರಡು ರೆಸ್ಯೂಮೆ ಇದ್ದೇ ಇರುತ್ತವೆ. ಬರುವವರೆಲ್ಲ ಕೇಳುವುದು ಒಂದೇ: “ಅಕ್ಕಾ, ಬಯೋಡೇಟಾ ಮಾಡಿಕೊಡಿ, ನಿಮ್ಮ ಹತ್ತಿರ ಫಾರ್ಮ್ಯಾಟ್ ಇರುತ್ತದಲ್ಲ.” ಇದೆ. ಆದರೆ ಕೊಡುವುದಿಲ್ಲ.

ತಂದೆಯ ಹೆಸರು, ಜಾತಿ, ಎತ್ತರ, ಮದುವೆಯಾಗಿದೆಯೋ ಇಲ್ಲವೋ ಎಂಬುದೆಲ್ಲ ಜಾತಕದ ಜೊತೆ ಕಳಿಸುವ ಹಾಳೆಗೆ ಸರಿ. ಖಾಸಗಿ ಕೆಲಸಕ್ಕೆ ಹೆಸರು, ಊರು, ಇಮೇಲ್, ಮೊಬೈಲ್ ಸಂಖ್ಯೆ ಸಾಕು. ಸರ್ಕಾರಿ ಹುದ್ದೆಯ ಮಾತು ಬೇರೆ. ಅಲ್ಲಿ ಅಧಿಸೂಚನೆ ಕೇಳಿದ್ದನ್ನು ಕೇಳಿದ ಹಾಗೆಯೇ ತುಂಬಬೇಕು, ಜಾಣತನ ತೋರಿಸಬಾರದು. ಮೊಬೈಲ್ ಸಂಖ್ಯೆ ಎರಡು ಕೊಡಿ, ಒಂದು ಪೇಟೆಯಲ್ಲಿರುವವರದ್ದಾಗಿರಲಿ. ಮಳೆಗಾಲದಲ್ಲಿ ಕರೆಂಟು ಹೋದರೆ ನಮ್ಮ ಒಳಊರುಗಳಲ್ಲಿ ಟವರೂ ಹೋಗುತ್ತದೆ, ಕರೆ ಮಾಡುವ ಕಂಪನಿಯವರಿಗೆ ಅದು ಹೇಗೆ ತಿಳಿಯಬೇಕು?

ಕಳೆದ ವರ್ಷ ಹೊಸನಗರದ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಬಿ.ಕಾಂ. ಮುಗಿದಿತ್ತು, ಲೆಕ್ಕಪತ್ರ ಸಹಾಯಕಿಯ ಕೆಲಸಕ್ಕೆ ಅರ್ಜಿ ಹಾಕಬೇಕಿತ್ತು. ಎಲ್ಲಿಂದಲೋ ನಕಲು ಮಾಡಿಕೊಂಡ ಹಾಳೆಯ ಮೊದಲ ಸಾಲು: ‘ಸವಾಲಿನ ವಾತಾವರಣದಲ್ಲಿ ನನ್ನ ಕೌಶಲ ಬಳಸಿ ಸಂಸ್ಥೆಯ ಏಳಿಗೆಗೆ ಶ್ರಮಿಸುವುದೇ ನನ್ನ ಗುರಿ.’ ಈ ಸಾಲನ್ನು ನಾನು ನೂರಾರು ಸಲ ಟೈಪಿಸಿದ್ದೇನೆ, ಮೆಕ್ಯಾನಿಕ್‌ಗೂ ಇದೇ, ಗುಮಾಸ್ತನಿಗೂ ಇದೇ. ಅಳಿಸಿದೆ.

“ಅನುಭವ?” ಎಂದೆ.

“ಅಂಥದ್ದೇನೂ ಮಾಡಿಲ್ಲ ಅಕ್ಕಾ, ಮನೆಯಲ್ಲೇ ಇದ್ದೆ.”

ನಮ್ಮ ಕಡೆಯವರಿಗೆ ತಾವು ಮಾಡಿದ್ದನ್ನು ಕೆಲಸ ಎಂದು ಕರೆಯಲು ಏನೋ ಸಂಕೋಚ. ಕೊಯ್ಲಿನ ಹೊತ್ತಿನಲ್ಲಿ ಮನೆಯಲ್ಲಿ ಸುಮ್ಮನೆ ಕುಳಿತಿದ್ದೆಯಾ ಎಂದು ಕೆದಕಿದೆ. ಒಂದೊಂದೇ ಹೊರಬಂತು. ಸುಲಿಯಲು ಬರುತ್ತಿದ್ದ ಹೆಂಗಸರು ಸುಲಿದ ಅಡಿಕೆಯ ತೂಕವನ್ನು ರಾತ್ರಿ ಬರೆದುಕೊಳ್ಳುವುದು, ಅವರು ತೆಗೆದುಕೊಂಡ ಮುಂಗಡವನ್ನು ಕಳೆದು ಸಂತೆಯ ಹಿಂದಿನ ದಿನ ಬಟವಾಡೆ ಮಾಡುವುದು, ಅಡಿಕೆ ಮಾರಾಟದ ಮಂಡಿಯಿಂದ ಬಂದ ಬಿಲ್ಲನ್ನು ಮನೆಯ ಪುಸ್ತಕದ ಜೊತೆ ತಾಳೆ ನೋಡುವುದು. ಮೂರು ಕೊಯ್ಲು ಹೀಗೆ! ಹಾಳೆಯ ಮೇಲೆ ಅದು ಹೀಗಾಯಿತು:

‘ಕುಟುಂಬದ ಅಡಿಕೆ ತೋಟದ ಲೆಕ್ಕ, ಮೂರು ಕೊಯ್ಲು. 14 ಕೆಲಸಗಾರರ ದಿನದ ತೂಕ ದಾಖಲೆ, ಮುಂಗಡ ಕಡಿತ, ವಾರದ ಬಟವಾಡೆ. ಮೂರು ದರ್ಜೆಯ ಅಡಿಕೆಯ ಮಾರಾಟದ ಬಿಲ್ಲುಗಳ ತಾಳೆ.’

ಕೆಲಸ ಬೆಂಗಳೂರಿನದಾದ್ದರಿಂದ ‘ಮೂರು ದರ್ಜೆ’ ಎಂದೆವು. ಇಲ್ಲಿನ ಮಂಡಿಗೇ ಅರ್ಜಿ ಹಾಕುವುದಾಗಿದ್ದರೆ ರಾಶಿ, ಬೆಟ್ಟೆ, ಗೊರಬಲು ಎಂದೇ ಬರೆಸುತ್ತಿದ್ದೆ, ಅಲ್ಲಿ ಆ ಹೆಸರುಗಳೇ ಅರ್ಹತೆ. ಒಂದೇ ರೆಸ್ಯೂಮೆಯನ್ನು ಹತ್ತು ಕಡೆ ಹಂಚುವವರು ಇದನ್ನು ಗಮನಿಸಬೇಕು. ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿಸಿ, ಆಮೇಲೆ ಇಂಗ್ಲಿಷಿಗೆ ತರುವುದು ನನ್ನ ಪದ್ಧತಿ. ನೇರವಾಗಿ ಇಂಗ್ಲಿಷಿನಲ್ಲಿ ಶುರು ಮಾಡಿದರೆ ಮತ್ತೆ ಆ ‘ಸವಾಲಿನ ವಾತಾವರಣ’ವೇ ಬಂದು ಕೂರುತ್ತದೆ.

ಲೆಕ್ಕ ಇಡುವ ತಂತ್ರಾಂಶ ಟ್ಯಾಲಿ ಗೊತ್ತಾ ಎಂದಾಗ ಹೂಂ ಎಂದಳು. ಏನೇನು ಎಂದರೆ ವೋಚರ್ ನಮೂದಿಸುವುದು ಮಾತ್ರ. ಅಷ್ಟನ್ನೇ ಬರೆದೆವು. ಓದಿನ ವಿವರದಲ್ಲಿ ಪದವಿ ಮೇಲೆ, ಪಿಯುಸಿ, ಎಸ್ಸೆಸ್ಸೆಲ್ಸಿ ಕೆಳಗೆ. ಹೊಸಬರಿಗೆ ಒಂದು ಪುಟ ಧಾರಾಳ.

ರೆಸ್ಯೂಮೆಯ ಜೊತೆ ಕಳಿಸುವ ಪತ್ರ, ಅಂದರೆ ಕವರ್ ಲೆಟರ್ ಎಂದರೆ ಮಾತ್ರ ಎಲ್ಲರಿಗೂ ಶಾಲೆಯ ರಜಾ ಅರ್ಜಿಯೇ ನೆನಪಾಗುತ್ತದೆ. ಇಂದ, ಗೆ, ಮಾನ್ಯರೇ, ‘ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’, ನಂತರ ಮನೆಯ ಕಷ್ಟ. ಕೆಲಸ ಕೊಡುವವರಿಗೆ ಬೇಕಾದದ್ದು ನಿಮ್ಮ ಕಷ್ಟವಲ್ಲ, ಅವರ ಕಷ್ಟಕ್ಕೆ ನೀವು ಆಗಿಬರುತ್ತೀರಾ ಎಂಬುದು. ಜಾಹೀರಾತನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅವಳದ್ದರಲ್ಲಿ ‘ಕೂಲಿ ಪಾವತಿಯ ಲೆಕ್ಕ ಇಡಬಲ್ಲವರು’ ಎಂದಿತ್ತು. ಪತ್ರ ಶುರುವಾದದ್ದು ಅಲ್ಲಿಂದಲೇ: ‘ನಿಮ್ಮ ಜಾಹೀರಾತಿನಲ್ಲಿ ಕೇಳಿರುವ ಕೂಲಿ ಲೆಕ್ಕವನ್ನು ನಾನು ಮೂರು ಅಡಿಕೆ ಕೊಯ್ಲುಗಳಲ್ಲಿ ನಿರ್ವಹಿಸಿದ್ದೇನೆ.’ ಮುಂದಿನ ನಾಲ್ಕು ಸಾಲು ಅದನ್ನು ಹೇಗೆ ಮಾಡಿದಳೆಂದು. ಕೊನೆಗೆ ಯಾವಾಗಿನಿಂದ ಸೇರಬಹುದು, ಒಂದು ಧನ್ಯವಾದ. ಮುಗಿಯಿತು.

ಕಳಿಸುವಾಗ ಪಿಡಿಎಫ್ ಮಾಡಿ. ಹಿಂದೊಮ್ಮೆ ಒಬ್ಬರ ಕನ್ನಡ ಪತ್ರವನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿ, ವರ್ಡ್ ಫೈಲನ್ನು ಹಾಗೆಯೇ ಕಳಿಸಿಬಿಟ್ಟಿದ್ದೆ. ಆ ಕಡೆಯ ಕಂಪ್ಯೂಟರಿನಲ್ಲಿ ಆ ಫಾಂಟೇ ಇರಲಿಲ್ಲ, ತೆರೆದವರಿಗೆ ಕಂಡದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅಂದಿನಿಂದ, ಆ ಫಾಂಟೇ ಬೇಕೆಂದಿಲ್ಲದ ಯೂನಿಕೋಡ್ ಬಿಟ್ಟು ಕದಲಿಲ್ಲ. ಮುದ್ರಿಸಿದ ಹಾಳೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಬೇಡಿ. ದೊಡ್ಡ ಕಂಪನಿಗಳಲ್ಲಿ ಹಲವು ಕಡೆ ರೆಸ್ಯೂಮೆಯನ್ನು ಮೊದಲು ಓದುವುದು ತಂತ್ರಾಂಶ. ಫೋಟೊ, ಚೌಕಟ್ಟು, ಎರಡು ಕಾಲಂಗಳಲ್ಲಿ ಅದು ಎಡವುವುದುಂಟು. ಫೈಲಿಗೆ ‘ಫೈನಲ್ 2’ ಎಂದಲ್ಲ, ನಿಮ್ಮ ಹೆಸರು ಮತ್ತು ಹುದ್ದೆಯ ಹೆಸರು ಇಡಿ.

ಕಳಿಸುವ ಮುಂಚೆ ಗಟ್ಟಿಯಾಗಿ ಓದಿಸುತ್ತೇನೆ, ಅದಕ್ಕೆ ಬೇರೆ ದುಡ್ಡಿಲ್ಲ. ಅವಳೂ ಓದಿದಳು. ಬಟವಾಡೆಯ ಸಾಲಿಗೆ ಬಂದು ನಿಂತಳು.

“ಹದಿನಾಲ್ಕು ತಪ್ಪಾಗುತ್ತದೆ ಅಕ್ಕಾ. ಕೊನೆಯ ಕೊಯ್ಲಿಗೆ ಇಬ್ಬರು ಬಂದಿರಲಿಲ್ಲ. ಹನ್ನೆರಡರಿಂದ ಹದಿನಾಲ್ಕು ಎಂದು ಹಾಕಿ.”

ಹಾಕಿದೆ.