ಬೆಕ್ಕಿಗೆ ಸಕ್ಕರೆ ಕಾಯಿಲೆಯೇ? ಮೊದಲು ಸಿರಿಂಜಿನ ಮುಚ್ಚಳದ ಬಣ್ಣ ನೋಡಿ

ನಮ್ಮ ಗುಂಡನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಅವನಿಗೆ ಒಂಬತ್ತು ವರ್ಷ, ತೂಕ 6.8 ಕಿಲೊ. ನಾಲ್ಕು ತಿಂಗಳು ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿದೆವು. ಐದನೇ ತಿಂಗಳಿಂದ ಇವತ್ತಿನವರೆಗೆ ಒಂದು ಹನಿಯೂ ಬೇಕಾಗಿಲ್ಲ. ಆಮೇಲೆ ಮೈಸೂರಿನಲ್ಲಿ ಪರಿಚಯದ ನಾಲ್ಕೈದು ಮನೆಯವರು ತಮ್ಮ ಬೆಕ್ಕಿಗೆ ಇಂಜೆಕ್ಷನ್ ಕೊಡುವುದನ್ನು ತೋರಿಸಿಕೊಡಿ ಎಂದು ಕರೆದರು. ಹೋದ ಕಡೆಯೆಲ್ಲ ಕಂಡದ್ದು ಹೆಚ್ಚೂಕಡಿಮೆ ಒಂದೇ ತಪ್ಪು. ಪ್ರೀತಿಗೆ ಕೊರತೆಯಿಲ್ಲ, ಖರ್ಚಿಗೆ ಹಿಂದೆಗೆಯುವವರಲ್ಲ, ಆದರೆ ಕೈಯಲ್ಲಿರುವ ಸಿರಿಂಜು ಆ ಬಾಟಲಿಗೆ ಸೇರಿದ್ದಲ್ಲ. ಈ ಒಂದು ತಪ್ಪಿಗೆ ಬೆಕ್ಕು ಸಾಯಬಹುದು. ಅದಕ್ಕೇ ಕೆಳಗೆ ಆ ಹಂತ ಎಲ್ಲಕ್ಕಿಂತ ಉದ್ದವಾಗಿದೆ.

ಬೆಕ್ಕುಗಳ ಸಕ್ಕರೆ ಕಾಯಿಲೆ ಹೆಚ್ಚಾಗಿ ಮನುಷ್ಯರ ಟೈಪ್ 2 ಕಾಯಿಲೆಯನ್ನು ಹೋಲುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಷ್ಟೂ ಇನ್ಸುಲಿನ್ ತಯಾರಿಸುವ ಜೀವಕೋಶಗಳು ಸೋಲುತ್ತವೆ, ಅವು ಸೋತಷ್ಟೂ ಸಕ್ಕರೆ ಮತ್ತೆ ಏರುತ್ತದೆ. ಹೊರಗಿನಿಂದ ಇನ್ಸುಲಿನ್ ಕೊಟ್ಟು ಆ ಕೋಶಗಳಿಗೆ ಬಿಡುವು ಸಿಕ್ಕಿದರೆ, ಎಷ್ಟೋ ಬೆಕ್ಕುಗಳಲ್ಲಿ ಅವು ಮತ್ತೆ ಕೆಲಸಕ್ಕೆ ನಿಲ್ಲುತ್ತವೆ. ಇನ್ಸುಲಿನ್ ಇಲ್ಲದೆಯೇ ಸಕ್ಕರೆ ನಾಲ್ಕು ವಾರ ಮಾಮೂಲಿ ಮಟ್ಟದಲ್ಲಿ ನಿಂತರೆ ಅದನ್ನು ರೆಮಿಷನ್ ಎನ್ನುತ್ತಾರೆ. 2009ರಲ್ಲಿ ಕರ್ಸ್ಟನ್ ರೂಂಪ್ ಮತ್ತು ಜಾಕ್ವಿ ರ‍್ಯಾಂಡ್ ಪ್ರಕಟಿಸಿದ ಅಧ್ಯಯನದಲ್ಲಿ 55 ಬೆಕ್ಕುಗಳಿಗೆ ಮಾಲೀಕರೇ ಮನೆಯಲ್ಲಿ ರಕ್ತ ಪರೀಕ್ಷಿಸಿ ಗ್ಲಾರ್ಜಿನ್ ಇನ್ಸುಲಿನ್ ಕೊಟ್ಟಿದ್ದರು. ಒಟ್ಟು ನೂರಕ್ಕೆ 64 ಬೆಕ್ಕುಗಳು ರೆಮಿಷನ್‌ಗೆ ಬಂದವು. ಕಾಯಿಲೆ ಗೊತ್ತಾದ ಆರು ತಿಂಗಳೊಳಗೆ ಈ ಬಿಗಿ ಕ್ರಮ ಶುರುವಾದ ಬೆಕ್ಕುಗಳಲ್ಲಿ ನೂರಕ್ಕೆ 84, ತಡವಾದವುಗಳಲ್ಲಿ ನೂರಕ್ಕೆ 35. 'ಮುಂದಿನ ತಿಂಗಳು ನೋಡೋಣ' ಎನ್ನುವವರು ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಹಂತ 1: ಕಾಯಿಲೆ ಖಚಿತವಾಗಲಿ

ಬೋಗುಣಿಗಟ್ಟಲೆ ನೀರು ಕುಡಿಯುವುದು, ಮರಳಿನ ಡಬ್ಬಿಯಲ್ಲಿ ಮೂತ್ರದ ಉಂಡೆಗಳು ದೊಡ್ಡದಾಗುವುದು, ಚೆನ್ನಾಗಿ ತಿಂದರೂ ಬೆನ್ನುಮೂಳೆ ಕಾಣುವಂತೆ ಇಳಿಯುವುದು. ಕೆಲವು ಬೆಕ್ಕುಗಳು ಹಿಂಗಾಲನ್ನು ಹಿಮ್ಮಡಿಯವರೆಗೆ ನೆಲಕ್ಕೂರಿ ನಡೆಯುತ್ತವೆ. ಇದು ನರಗಳಿಗೆ ಸಕ್ಕರೆ ಕೊಟ್ಟ ಪೆಟ್ಟು. ಆದರೆ ಕ್ಲಿನಿಕ್ಕಿನಲ್ಲಿ ಒಂದೇ ಸಲ ರಕ್ತ ನೋಡಿ ತೀರ್ಮಾನಕ್ಕೆ ಬರಬೇಡಿ. ಹೆದರಿದ ಬೆಕ್ಕಿನ ಸಕ್ಕರೆ ಆ ಹೊತ್ತಿಗೆ 300 ದಾಟುವುದೂ ಉಂಟು. ಮೂತ್ರದಲ್ಲಿ ಸಕ್ಕರೆ ಇದೆಯೇ ನೋಡಿಸಿ, ಜೊತೆಗೆ ಫ್ರಕ್ಟೋಸಮೀನ್ ಪರೀಕ್ಷೆ ಕೇಳಿ. ಅದು ಹಿಂದಿನ ಎರಡು ಮೂರು ವಾರಗಳ ಸರಾಸರಿ ಹೇಳುತ್ತದೆ.

ಇನ್ನೊಂದು ಪ್ರಶ್ನೆಯನ್ನು ಡಾಕ್ಟರಿಗೆ ಕೇಳಲೇಬೇಕು: ಹಿಂದೆ ಈ ಬೆಕ್ಕಿಗೆ ಸ್ಟೀರಾಯ್ಡ್ ಕೊಟ್ಟಿದ್ದಾರೆಯೇ? ಮೈ ತುರಿಕೆಗೆ, ಬಾಯಿಹುಣ್ಣಿಗೆ ವಾರಗಟ್ಟಲೆ ಮೈಯಲ್ಲಿ ಉಳಿಯುವ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟುಬಿಡುವುದುಂಟು. ಗುಂಡನಿಗೂ ಎರಡು ಸಲ ಕೊಟ್ಟಿದ್ದರು, ಅದೇನು ಔಷಧಿ ಎಂದು ನಾವು ಕೇಳಿರಲಿಲ್ಲ. ಸ್ಟೀರಾಯ್ಡ್ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಹಲ್ಲಿನ ಸೋಂಕು, ಮೂತ್ರದ ಸೋಂಕು, ಮೇದೋಜೀರಕ ಗ್ರಂಥಿಯ ಉರಿಯೂತ ಇದ್ದರೂ ಹಾಗೆಯೇ. ಅವು ವಾಸಿಯಾಗದೆ ಸಕ್ಕರೆ ಹಿಡಿತಕ್ಕೆ ಸಿಗುವುದು ಕಷ್ಟ.

ಹಂತ 2: ಬಾಟಲಿ ಮತ್ತು ಸಿರಿಂಜು

ನಿಧಾನವಾಗಿ ಓದಿ. ಇನ್ಸುಲಿನ್ ಬಾಟಲಿಯ ಮೇಲೆ ಒಂದು ಮಿಲಿಲೀಟರಿಗೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ನಮ್ಮಲ್ಲಿ ಮನುಷ್ಯರಿಗೆ ಮಾರುವ ಸಾಮಾನ್ಯ ಇನ್ಸುಲಿನ್ ಬಾಟಲಿಗಳು ಬಹಳಷ್ಟು 40ರವು. ಹಾಗಾಗಿ ಮೆಡಿಕಲ್ ಶಾಪಿನಲ್ಲಿ 'ಇನ್ಸುಲಿನ್ ಸಿರಿಂಜು ಕೊಡಿ' ಎಂದರೆ ರೂಢಿಯಂತೆ ಕೆಂಪು ಮುಚ್ಚಳದ್ದು ಕೈಗೆ ಬರುತ್ತದೆ. ಕೆಂಪು ಮುಚ್ಚಳ ಎಂದರೆ ಯು-40. ಕಿತ್ತಳೆ ಮುಚ್ಚಳ ಎಂದರೆ ಯು-100. ಗುಂಡನಿಗೆ ಬರೆದುಕೊಟ್ಟದ್ದು 100ರ ಗ್ಲಾರ್ಜಿನ್.

100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಏನಾಗುತ್ತದೆ? ಆ ಸಿರಿಂಜಿನ '1' ಎಂಬ ಗೆರೆಗೆ ಹಿಡಿಸುವುದು 0.025 ಮಿ.ಲೀ. ಅಷ್ಟರಲ್ಲಿ 100ರ ಇನ್ಸುಲಿನ್ 2.5 ಯೂನಿಟ್ ಇರುತ್ತದೆ. ಡಾಕ್ಟರ್ 2 ಯೂನಿಟ್ ಹೇಳಿದ್ದರೆ ನೀವು ಕೊಟ್ಟದ್ದು 5. ನಾನು ಹೋಗಿದ್ದ ಒಂದು ಮನೆಯಲ್ಲಿ ಮೂರನೇ ಇಂಜೆಕ್ಷನ್ನಿಗೇ ಬೆಕ್ಕು ಸೋಫಾದ ಕೆಳಗೆ ಸೆಟೆದುಕೊಂಡು ಬಿದ್ದಿತ್ತು. ಒಸಡಿಗೆ ಜೇನುತುಪ್ಪ ಸವರಿ, ಆಸ್ಪತ್ರೆಗೆ ಓಡಿ, ರಾತ್ರಿಯಿಡೀ ಗ್ಲೂಕೋಸ್ ಏರಿಸಿದ ಮೇಲೆ ಉಳಿಯಿತು. ಆ ಮನೆಯ ಅಮ್ಮ ಸಿರಿಂಜಿನ ಖಾಲಿ ಕವರ್ ಹಿಡಿದು 'ಗೆರೆ ಸರಿಯಾಗೇ ನೋಡಿದ್ದೆ ಕಣಮ್ಮ' ಎಂದು ಅತ್ತರು. ಅವರು ಗೆರೆ ಸರಿಯಾಗೇ ನೋಡಿದ್ದರು. ಗೆರೆಯೇ ಬೇರೆ ಬಾಟಲಿಯದು.

ತಿರುಗುಮುರುಗಾದರೂ ತೊಂದರೆಯೇ. ಪ್ರಾಣಿಗಳಿಗೆಂದೇ ಬರುವ ಕೆಲವು ಇನ್ಸುಲಿನ್‌ಗಳು 40ರವು. ಅವನ್ನು ಕಿತ್ತಳೆ ಸಿರಿಂಜಿನಲ್ಲಿ ಎಳೆದರೆ ಒಂದು ಗೆರೆಗೆ ಸಿಗುವುದು 0.4 ಯೂನಿಟ್ ಮಾತ್ರ. ಬೆಕ್ಕು ಬೀಳುವುದಿಲ್ಲ, ಆದರೆ ಸಕ್ಕರೆ ಇಳಿಯದೆ ಆ ಅಮೂಲ್ಯ ತಿಂಗಳುಗಳು ಕಳೆದುಹೋಗುತ್ತವೆ. ಗ್ಲಾರ್ಜಿನ್‌ನಲ್ಲೇ ಮಿಲಿಲೀಟರಿಗೆ 300 ಯೂನಿಟ್ ಇರುವ ಪೆನ್ ಕೂಡ ಬರುತ್ತದೆ. ಮನೆಯ ಅಜ್ಜನ ಪೆನ್ನಿನಿಂದ ಎಳೆದು ಬೆಕ್ಕಿಗೆ ಕೊಡುವ ಯೋಚನೆ ಯಾವತ್ತೂ ಬೇಡ.

ಕಿತ್ತಳೆ ಮುಚ್ಚಳ ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡಿ. ಒಂದು ಮಿ.ಲೀ. ಹಿಡಿಸುವ ಕಿತ್ತಳೆ ಸಿರಿಂಜಿನಲ್ಲಿ ಸಾಮಾನ್ಯವಾಗಿ ಗೆರೆಗೆ 2 ಯೂನಿಟ್. ಬೆಕ್ಕಿಗೆ ಶುರುವಿನಲ್ಲಿ ಕೊಡುವುದೇ ಹೆಚ್ಚಾಗಿ ಹೊತ್ತಿಗೆ 1 ಯೂನಿಟ್ಟಿನ ಆಸುಪಾಸು. ಅದನ್ನು ಎರಡು ಗೆರೆಗಳ ನಡುವೆ ಅಂದಾಜಿನಲ್ಲಿ ಅಳೆಯುತ್ತೀರಾ? 0.3 ಮಿ.ಲೀ.ಯ, ಅರ್ಧ ಯೂನಿಟ್ಟಿಗೂ ಗೆರೆಯಿರುವ ಸಿರಿಂಜನ್ನೇ ಕೇಳಿ. ಅಂಗಡಿಯಲ್ಲಿ ಇಲ್ಲವೆಂದರೆ ತರಿಸಿಕೊಡಲು ಹೇಳಿ, ಕಾಯಿರಿ. 'ಇದೂ ನಡೆಯುತ್ತೆ ತಗೊಳ್ಳಿ' ಎನ್ನುವ ಮಾತಿಗೆ ಒಪ್ಪಬೇಡಿ. ಬಾಟಲಿ ಮತ್ತು ಸಿರಿಂಜು ಎರಡನ್ನೂ ಒಯ್ದು ಡಾಕ್ಟರಿಗೆ ತೋರಿಸಿ, ಮೊದಲ ಡೋಸನ್ನು ಅವರ ಮುಂದೆಯೇ ಎಳೆಯಿರಿ. ಇದಕ್ಕೆ ಸಂಕೋಚ ಬೇಡ.

ಗ್ಲಾರ್ಜಿನ್ ನೀರಿನಂತೆ ತಿಳಿಯಾಗಿರಬೇಕು. ಕುಲುಕಬಾರದು, ಬೇರೆ ಯಾವುದರ ಜೊತೆಯೂ ಬೆರೆಸಬಾರದು. ಮಬ್ಬಾದರೆ ಎಸೆಯಿರಿ. ಫ್ರಿಜ್ಜಿನಲ್ಲಿ ಫ್ರೀಜರಿನ ಗೋಡೆಗೆ ತಾಗದಂತೆ ಇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಕೆಲಸಕ್ಕೆ ಬಾರದು.

ಹಂತ 3: ಚುಚ್ಚುವುದು

ಎಲ್ಲರೂ ಹೆದರುವುದು ಇದಕ್ಕೆ, ನಿಜಕ್ಕೂ ಸುಲಭವಾದದ್ದು ಇದೇ. ಬೆಕ್ಕು ತಿನ್ನುತ್ತಿರುವಾಗ ಪಕ್ಕೆಯ ಸಡಿಲ ಚರ್ಮವನ್ನು ಗುಡಾರದಂತೆ ಎತ್ತಿ, ಅದರ ಬುಡಕ್ಕೆ ಸೂಜಿ ತೂರಿಸಿ, ಒತ್ತಿ, ತೆಗೆಯಿರಿ. ಆಮೇಲೆ ಕೂದಲು ಮುಟ್ಟಿ ನೋಡಿ. ಒದ್ದೆಯಾಗಿ ಔಷಧದ ವಾಸನೆ ಬಂದರೆ ಇನ್ಸುಲಿನ್ ಹೊರಗೆ ಚೆಲ್ಲಿದೆ ಎಂದರ್ಥ. ಆಗ ಮತ್ತೊಮ್ಮೆ ಚುಚ್ಚಬೇಡಿ. ಎಷ್ಟು ಒಳಗೆ ಹೋಯಿತೋ ಗೊತ್ತಿಲ್ಲ. ಒಂದು ಹೊತ್ತು ಕಡಿಮೆಯಾದರೆ ಸಕ್ಕರೆ ಸ್ವಲ್ಪ ಏರೀತು, ಎರಡು ಪಟ್ಟಾದರೆ ಜೀವಕ್ಕೆ ಅಪಾಯ.

ಹನ್ನೆರಡು ಗಂಟೆಗೊಮ್ಮೆ ಎಂದರೆ ಹನ್ನೆರಡು ಗಂಟೆಗೊಮ್ಮೆ. ನಾವು ಬೆಳಿಗ್ಗೆ ಏಳು, ಸಂಜೆ ಏಳು ಇಟ್ಟುಕೊಂಡಿದ್ದೆವು. ಮನೆಯಲ್ಲಿ ಇಬ್ಬರು ಕೊಡುವವರಿದ್ದರೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೊಟ್ಟ ಕೂಡಲೇ ಗುರುತು ಹಾಕಿ. ಇಲ್ಲದಿದ್ದರೆ ಒಂದಲ್ಲ ಒಂದು ದಿನ ಇಬ್ಬರೂ ಕೊಟ್ಟಿರುತ್ತೀರಿ. ಬಳಸಿದ ಸೂಜಿಗಳು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹೋಗಲಿ, ಕಸ ಆಯುವವರ ಕೈಗೆ ಚುಚ್ಚದಿರಲಿ.

ಹಂತ 4: ಮನೆಯಲ್ಲೇ ಸಕ್ಕರೆ ನೋಡುವುದು

'ಪಾಪ, ಕಿವಿ ಚುಚ್ಚೋದಾ?' ಎಂದು ಇದನ್ನು ಬಿಟ್ಟುಬಿಡುವವರೇ ಹೆಚ್ಚು. ನೋಡದೆ ಇನ್ಸುಲಿನ್ ಕೊಡುವುದು ಪಾಪ, ಕಿವಿ ಚುಚ್ಚುವುದಲ್ಲ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕಿವಿಗೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಕಿವಿಯಂಚಿನುದ್ದಕ್ಕೂ ಒಂದು ತೆಳು ರಕ್ತನಾಳ ಕಾಣುತ್ತದೆ, ಅದಕ್ಕೂ ಅಂಚಿಗೂ ನಡುವಿನ ಜಾಗ ನೋಡಿಕೊಳ್ಳಿ. ಅಲ್ಲಿಗೆ ಚೂರೇ ಚೂರು ವ್ಯಾಸಲೀನ್ ಸವರಿದರೆ ರಕ್ತ ಕೂದಲಿಗೆ ಹರಡದೆ ಮುತ್ತಿನಂತೆ ನಿಲ್ಲುತ್ತದೆ. ಕಿವಿಯ ಹಿಂದೆ ಹತ್ತಿಯ ಉಂಡೆ ಇಟ್ಟು ಚುಚ್ಚಿ, ಹನಿಯನ್ನು ಸ್ಟ್ರಿಪ್ಪಿಗೆ ಮುಟ್ಟಿಸಿ, ಹತ್ತಿಯಿಂದ ಒಂದು ನಿಮಿಷ ಒತ್ತಿ ಹಿಡಿಯಿರಿ. ಆದ ಕೂಡಲೇ ಬೇಯಿಸಿದ ಕೋಳಿಯ ಒಂದು ಚೂರು, ತಪ್ಪದೆ, ರಕ್ತ ಬಾರದಿದ್ದರೂ. ಎರಡನೇ ವಾರಕ್ಕೆ ಗುಂಡ ಮೀಟರಿನ ಸದ್ದು ಕೇಳಿದರೆ ತಾನಾಗಿಯೇ ಬಂದು ಕೂರುತ್ತಿದ್ದ.

ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಆದರೂ ಸಾಕು. ಯಾವ ಮೀಟರ್ ಎಂದು ಡಾಕ್ಟರಿಗೆ ಹೇಳಿ, ಕೊನೆಯವರೆಗೂ ಅದನ್ನೇ ಬಳಸಿ. ತೋಳಿಗೆ ಅಂಟಿಸುವಂಥ ಸೆನ್ಸರನ್ನು ಬೆಕ್ಕಿಗೂ ಹಾಕುತ್ತಾರೆ. ಹದಿನಾಲ್ಕು ದಿನದ್ದು ಎನ್ನುತ್ತಾರಾದರೂ ಬೆಕ್ಕಿನ ಮೈಮೇಲೆ ಎಷ್ಟೋ ಸಲ ಅದಕ್ಕೆ ಮೊದಲೇ ಕಿತ್ತುಬರುತ್ತದೆ. ದುಡ್ಡಿದ್ದರೆ ಮೊದಲ ಎರಡು ವಾರಕ್ಕೆ ಒಂದು ಹಾಕಿಸಿ, ಕಿವಿ ಚುಚ್ಚುವುದನ್ನಂತೂ ಕಲಿತೇ ಇರಿ.

ಪ್ರತಿ ಇಂಜೆಕ್ಷನ್ನಿಗೆ ಮೊದಲು ನೋಡಿ, ಬರೆದಿಡಿ. ಇದಕ್ಕಿಂತ ಕಡಿಮೆಯಿದ್ದರೆ ಕೊಡಬೇಡಿ ಎಂಬ ಗೆರೆಯೊಂದನ್ನು ಡಾಕ್ಟರಿಂದ ಕೇಳಿ ಪಡೆಯಿರಿ. ನಮಗೆ ಮೊದಲ ವಾರಗಳಲ್ಲಿ ಅದು 200 ಇತ್ತು. ಬೆಕ್ಕು ಊಟ ಬಿಟ್ಟಿದ್ದರೆ ಕೊಡುವ ಮೊದಲು ಫೋನ್ ಮಾಡಿ. ರಜೆಯ ದಿನ ಎರಡೆರಡು ಗಂಟೆಗೊಮ್ಮೆ ನೋಡಿದರೆ ಸಕ್ಕರೆ ಯಾವ ಹೊತ್ತಿಗೆ ಎಷ್ಟು ಕೆಳಗಿಳಿಯುತ್ತದೆ ಎಂಬ ಚಿತ್ರ ಸಿಗುತ್ತದೆ. ಡೋಸ್ ನಿರ್ಧಾರವಾಗಬೇಕಾದದ್ದು ಆ ಕೆಳಗಿನ ಸಂಖ್ಯೆಯಿಂದ. ಬೆಳಿಗ್ಗೆ 380 ಕಂಡಿತೆಂದು ಗಾಬರಿಯಿಂದ ಅರ್ಧ ಯೂನಿಟ್ ಏರಿಸುವುದು, ಸಂಜೆ 110 ಕಂಡಿತೆಂದು ಇಳಿಸುವುದು ಮಾಡಿದರೆ ಸಕ್ಕರೆ ಉಯ್ಯಾಲೆಯಾಡುತ್ತದೆ. ಗ್ಲಾರ್ಜಿನ್ ಒಂದು ಡೋಸಿಗೆ ಹೊಂದಿಕೊಳ್ಳಲು ಕೆಲವು ದಿನ ಬೇಕು. ಸಕ್ಕರೆ ತೀರಾ ಇಳಿದರೆ ಮಾತ್ರ ಆ ದಿನವೇ ಡೋಸ್ ಕಡಿಮೆ ಮಾಡಲು ಡಾಕ್ಟರಿಗೆ ಹೇಳಿ. ಏರಿಸುವುದಕ್ಕೆ ವಾರ ಕಾಯಿರಿ.

ತೂರಾಡುವುದು, ಕಣ್ಣು ಶೂನ್ಯವಾಗುವುದು, ನಡುಗುವುದು, ಅಥವಾ ಮೀಟರ್ 60ರ ಕೆಳಗೆ: ಒಸಡಿಗೆ ಜೇನುತುಪ್ಪ ಅಥವಾ ಗ್ಲೂಕೋಸ್ ನೀರು ಸವರಿ, ಬಾಯಿಗೆ ಸುರಿಯಬೇಡಿ, ಆಸ್ಪತ್ರೆಗೆ ಹೊರಡಿ. ಇದಕ್ಕೆ ತಿರುವಾದ ಅಪಾಯವೂ ಇದೆ. ಸಕ್ಕರೆ ಹೆಚ್ಚಿದ್ದು, ವಾಂತಿ ಮಾಡುತ್ತ, ಮಂಕಾಗಿ ಊಟ ಬಿಟ್ಟರೆ ಮೂತ್ರದಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ಮೈ ಕೊಬ್ಬನ್ನು ಕರಗಿಸಿದಾಗ ಬರುವ ವಸ್ತು) ಇದೆಯೇ ಎಂದು ಸ್ಟ್ರಿಪ್ಪಿನಿಂದ ನೋಡಿ. ಇದ್ದರೆ ಅದೂ ತುರ್ತೇ, ಬೆಳಗಾಗಲಿ ಎಂದು ಕಾಯಬಾರದು.

ಹಂತ 5: ತಟ್ಟೆ

ಡ್ರೈ ಫುಡ್ ನಿಲ್ಲಬೇಕು. ಹಾಲನ್ನ, ಮೊಸರನ್ನ, ಬಿಸ್ಕತ್ತು ಕೂಡ. ಡ್ರೈ ಫುಡ್ ಕಾಳು ಕಾಳಾಗಿ ನಿಲ್ಲಲು ಪಿಷ್ಟ ಬೇಕೇ ಬೇಕು. ಬದಲಿಗೆ ಕೊಡುವ ಒದ್ದೆ ಆಹಾರದಲ್ಲಿ ಪಿಷ್ಟ ಎಷ್ಟೆಂದು ಪೌಚಿನ ಮೇಲಿನ ಸಂಖ್ಯೆಗಳಿಂದ ಲೆಕ್ಕ ಹಾಕುವುದು ಹೀಗೆ: 100ರಿಂದ ಪ್ರೋಟೀನ್, ಕೊಬ್ಬು, ನಾರು, ತೇವಾಂಶ ಕಳೆಯಿರಿ. ಬೂದಿಯನ್ನೂ (ಎಂದರೆ ಖನಿಜಾಂಶ) ಕಳೆಯಿರಿ, ಅದರ ಲೆಕ್ಕ ಬರೆದಿಲ್ಲದಿದ್ದರೆ 2 ಎಂದಿಟ್ಟುಕೊಳ್ಳಿ. ಉಳಿದದ್ದು ಪಿಷ್ಟ. ಪ್ರೋಟೀನ್ 7, ಕೊಬ್ಬು 2.5, ನಾರು 1, ತೇವ 85 ಇದ್ದರೆ ಪಿಷ್ಟ 2.5. ಕಡಿಮೆ ಅನ್ನಿಸುತ್ತದೆ, ಆದರೆ ಕ್ಯಾಲೊರಿಯಲ್ಲಿ ಅದು ನೂರಕ್ಕೆ 16ರಷ್ಟು. ಪ್ರೋಟೀನ್ 9, ಕೊಬ್ಬು 5, ನಾರು 1, ತೇವ 82 ಇದ್ದರೆ ನೂರಕ್ಕೆ 5ರ ಒಳಗೆ. ನಾನು 10 ದಾಟಿದ ಪೌಚನ್ನು ಮನೆಗೆ ತರುವುದಿಲ್ಲ. ಗ್ರೇವಿ ಎಂದಿದ್ದರೆ ಎರಡು ಸಲ ಓದಿ, ಆ ಗಟ್ಟಿತನ ಬಹಳ ಸಲ ಪಿಷ್ಟದ್ದೇ. ಬರೀ ಬೇಯಿಸಿದ ಕೋಳಿ, ಬೂತಾಯಿ ಮೀನು ಕೊಟ್ಟು ಸಾಕುತ್ತೇವೆ ಎನ್ನುವವರು ಕ್ಯಾಲ್ಸಿಯಂ, ಟಾರಿನ್ (ಬೆಕ್ಕಿಗೆ ಊಟದಿಂದಲೇ ಸಿಗಬೇಕಾದ ಪೋಷಕಾಂಶ) ಎಷ್ಟು ಸೇರಿಸಬೇಕೆಂದು ಡಾಕ್ಟರಿಂದ ಬರೆಸಿಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ.

ಇಲ್ಲೊಂದು ಕಣ್ಣಿಗೆ ಕಾಣದ ಗುಂಡಿ ಇದೆ. ಪಿಷ್ಟ ಕಡಿಮೆಯಾದ ಕೂಡಲೇ ಇನ್ಸುಲಿನ್ ಬೇಡಿಕೆಯೂ ಇಳಿಯುತ್ತದೆ. ಹಳೆಯ ಡೋಸ್ ಹಾಗೇ ಮುಂದುವರಿದರೆ ಬೆಕ್ಕು ಕುಸಿಯುತ್ತದೆ. ಊಟ ಬದಲಿಸುವ ವಾರ ಡಾಕ್ಟರಿಗೆ ಹೇಳಿಯೇ ಬದಲಿಸಿ, ಮೀಟರ್ ಕೈಯಲ್ಲಿರಲಿ. ದಪ್ಪ ಬೆಕ್ಕನ್ನು ಉಪವಾಸ ಕೆಡವಬೇಡಿ, ಯಕೃತ್ತಿಗೆ ಕೊಬ್ಬು ತುಂಬಿಕೊಳ್ಳುತ್ತದೆ. ವಾರಕ್ಕೆ ತೂಕದ ನೂರಕ್ಕೆ ಒಂದರಷ್ಟು ಇಳಿದರೆ ಸಾಕು. ಹಾಗಲಕಾಯಿ ರಸ, ಮೆಂತ್ಯದ ನೀರು, ಮನೆಯವರ ಸಕ್ಕರೆ ಮಾತ್ರೆಯ ಅರ್ಧ ತುಂಡು, ಇವುಗಳನ್ನೆಲ್ಲ ಪ್ರಯೋಗಿಸಿ ಬಂದ ಬೆಕ್ಕುಗಳನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಹಂತ 6: ಇಳಿಸುತ್ತ ಬರುವುದು

ಮೂರನೇ ತಿಂಗಳಲ್ಲಿ ಗುಂಡನ ಸಕ್ಕರೆ ಇಂಜೆಕ್ಷನ್ನಿಗೆ ಮೊದಲೇ 130, 120 ಬರತೊಡಗಿತು. ಡಾಕ್ಟರ್ 1ರಿಂದ ಅರ್ಧಕ್ಕೆ ಇಳಿಸಿದರು, ಎರಡು ವಾರ ನೋಡಿ ಸಿರಿಂಜಿನ ಮೊದಲ ಗೆರೆಗಿಂತ ಕೆಳಗಿನ ಒಂದು ಹನಿಗೆ, ಆಮೇಲೆ ನಿಲ್ಲಿಸಿದರು. ಸಂತೋಷದಲ್ಲಿ ಒಮ್ಮೆಗೇ ನಿಲ್ಲಿಸಿಬಿಟ್ಟರೆ, ಇನ್ನೂ ಚೇತರಿಸಿಕೊಳ್ಳುತ್ತಿರುವ ಕೋಶಗಳ ಮೇಲೆ ಎಲ್ಲ ಭಾರ ಬೀಳುತ್ತದೆ. ಒಂದು ವಾರ ಹೆಚ್ಚೇ ಆಗಲಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ.

ಎಲ್ಲ ಸರಿ ಮಾಡಿದರೂ ರೆಮಿಷನ್‌ಗೆ ಬಾರದ ಬೆಕ್ಕುಗಳಿವೆ. ಕಾಯಿಲೆ ಹಳೆಯದಾಗಿರಬಹುದು, ಇಲ್ಲವೇ ಪಿಟ್ಯುಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ವಿಪರೀತ ಸುರಿಸುತ್ತಿರಬಹುದು. ಡೋಸ್ ಏರುತ್ತಲೇ ಹೋದರೂ ಸಕ್ಕರೆ ಬಗ್ಗದಿದ್ದರೆ ಆ ಪರೀಕ್ಷೆ ಕೇಳಿ. ದಿನಕ್ಕೆರಡು ಇಂಜೆಕ್ಷನ್ನಿನ ಮೇಲೆಯೇ ವರ್ಷಗಟ್ಟಲೆ ಆರಾಮವಾಗಿ ಬದುಕುವ ಬೆಕ್ಕುಗಳೂ ಇವೆ.

ರೆಮಿಷನ್ ಬಂದ ಬೆಕ್ಕಿಗೂ ಕಾಯಿಲೆ ಮರಳಬಹುದು. ನಾವು ಈಗಲೂ ಭಾನುವಾರ ಬೆಳಿಗ್ಗೆ ಕಿವಿ ಚುಚ್ಚುತ್ತೇವೆ, ತಿಂಗಳಿಗೊಮ್ಮೆ ತಕ್ಕಡಿಗೆ ಕೂರಿಸುತ್ತೇವೆ. ಗುಂಡನ ತೂಕ ಈಗ 5.4. ಅವನ ಫೈಲಿನ ಮೊದಲ ಪುಟದ ಮೇಲೆ ಕೆಂಪು ಶಾಯಿಯಲ್ಲಿ 'ಸ್ಟೀರಾಯ್ಡ್ ಬೇಡ, ಕೇಳದೆ ಕೊಡಬೇಡಿ' ಎಂದು ಬರೆದು ಅಂಟಿಸಿದ್ದೇವೆ. ಊರಿಗೆ ಹೋಗುವಾಗ ನೋಡಿಕೊಳ್ಳುವವರ ಕೈಗೆ ಬೀಗದ ಕೈಯ ಜೊತೆ ಆ ಫೈಲನ್ನೂ ಕೊಡುತ್ತೇವೆ.